ಸಾಲಿಮಠದಿಂದ ಕನ್ನಡ ಸಾಲೆಗೆ

ಧಾರವಾಡ ಸೀಮೆಯಲ್ಲಿ ಸಾಲಿಮಠ ಎಂಬ ಮನೆತನದ ಹೆಸರನ್ನು ಕೇಳದವರು ಯಾರಿದ್ದಾರೆ? ಹಿರೇಮಠ, ಚಿಕ್ಕಮಠಗಳ ಜೊತೆಯಲ್ಲಿ ಆ ಹೆಸರೂ ನಿತ್ಯ ಕಿವಿಗೆ ಬೀಳುತ್ತಿರುವದರಿಂದ ಅದರ ಅರ್ಥವನ್ನು ನಾವು ವಿಚಾರಿಸಹೋಗುವದಿಲ್ಲ. ಸಾಲಿ ಎಂದರೆ ಸಾಲೆ. ಊರ ಮಕ್ಕಳಿಗೆ ಓದುಬರಹ ಕಲಿಸುವ ಕಾಯಕವು ಯಾವ ಅಯ್ಯನವರ ಮನೆಯಲ್ಲಿ ನಡೆಯುತ್ತಿದ್ದಿತೋ ಆ ಮನೆಗೆ ಸಾಲಿಮಠವೆಂಬ ಹೆಸರು ನಿಂತಿತು. ಮೈಸೂರ ಸೀಮೆಯವರು ಇಂಥ ಪಾಠಸ್ಥಾನವನ್ನು ಕೂಲಿಮಠವೆಂದು ಕರೆದರು. ಅಲ್ಲಿಯೂ ಮಠವೆಂಬ ಶಬ್ದವೇ. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಇಲಾಖೆಯ ಕನ್ನಡ ಮಾಸ್ತರರಿಗಾಗಿ ಹೊರಟ ಪತ್ರಿಕೆಗೆ ‘ಮಠಪತ್ರಿಕೆ’ ಎಂದೇ ಹೆಸರಿಟ್ಟಿದ್ದರು. ಅಂದಿನವರಿಗೆ ಮಠವೆಂದರೆ ಅಕ್ಷರ ಕಲಿಯುವ ಸ್ಥಳವೆಂಬ ಅರ್ಥವು ಅಷ್ಟು ಸಹಜವಾಗಿದ್ದಿತು.

ಶಿಕ್ಷಣದ ಇತಿಹಾಸವನ್ನು ಬರೆಯುವವರು ಬಹುಶಃ ಸಂಸ್ಥೆಗಳ ಸ್ಥಾಪನೆಯನ್ನೂ ಕಟ್ಟಡಗಳ ಪ್ರಾರಂಭೋತ್ಸವವನ್ನೂ ದಾನಿಗಳ ನಾಮಾವಳಿಯನ್ನೂ ಬರೆಯುತ್ತಾರೆ. ಅವೆಲ್ಲವೂ ಬೇಕಾದವುಗಳೇ. ಆದರೆ ಮುಂಜಾನೆದ್ದು ಸಾಲೆಗೆ ಹೋದ ಐದಾರು ವರ್ಷದ ಕೂಸು ಅಲ್ಲಿ ದಿನವಿಡೀ ಏನು ಮಾಡುತ್ತಿದ್ದಿತು, ಯಾವದರ ಮೇಲೆ ಬರೆಯುತ್ತಿದ್ದಿತು, ಯಾರ ಪಕ್ಕದಲ್ಲಿ ಕುಳ್ಳಿರುತ್ತಿದ್ದಿತು, ಸಾಲೆಯ ಹೊರಗೆ ಯಾವಾಗ ಹೋಗುತ್ತಿದ್ದಿತು ಎಂಬ ಮಾತು ಆ ಬರಹಗಳಲ್ಲಿ ಸಿಗುವದು ಅಪರೂಪ. ಈ ಲೇಖನವು ಆ ಸಣ್ಣ ಸಂಗತಿಗಳನ್ನು ಕುರಿತದ್ದು.

ಹಳೆಯ ಸಾಲೆಗಳ ದಿನಚರಿಯನ್ನು ಕಣ್ಣಾರೆ ಕಂಡು ಬರೆದಿಟ್ಟವರಲ್ಲಿ ನಮ್ಮ ಮಗ್ಗುಲ ಬಳ್ಳಾರಿ ಜಿಲ್ಹೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಮುಖ್ಯನು. ಬಳ್ಳಾರಿಯು ಆಗ ಮದ್ರಾಸ ಇಲಾಖೆಗೂ ಧಾರವಾಡವು ಮುಂಬಯಿಗೂ ಸೇರಿದ್ದವಾದರೂ ಆಡುವ ಮಾತೂ ಓದುವ ಪುರಾಣಗಳೂ ಒಂದೇ ಆಗಿದ್ದುದರಿಂದ ಅವನ ಮಾತು ನಮಗೂ ಸಲ್ಲುತ್ತದೆ. ೧೮೨೩ರ ಆಗಸ್ಟ ತಿಂಗಳಲ್ಲಿ ಅವನು ಮದ್ರಾಸಿಗೆ ಕಳಿಸಿದ ವರದಿಯಂತೆ ಆ ಜಿಲ್ಹೆಯಲ್ಲಿ ೫೩೩ ಸಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಎಂದರೆ ಒಂದೊಂದು ಸಾಲೆಯಲ್ಲಿ ಸರಾಸರಿ ಹನ್ನೆರಡು ಮಕ್ಕಳು. ಅಯ್ಯನವರ ಮನೆಯ ಪಡಸಾಲೆಗೆ ಅಷ್ಟೇ ಸಾಕು.

ಮಗುವಿಗೆ ಐದು ವರ್ಷ ತುಂಬಿದಾಗ ಗುರುವನ್ನೂ ಅವನ ವಿದ್ಯಾರ್ಥಿಗಳನ್ನೂ ಮನೆಗೇ ಕರೆಯುತ್ತಿದ್ದರು. ಗಣಪತಿಯನ್ನಿಟ್ಟು ಧೂಪವೆತ್ತಿ, ಗುರುವು ಕೂಸಿನ ಬೆರಳನ್ನು ಹಿಡಿದು ಹರಡಿದ ಅಕ್ಕಿಯಲ್ಲಿ ದೇವರ ನಾಮವನ್ನು ಬರೆಯಿಸುವನು. ಓಂ ನಮಃ ಶಿವಾಯ ಎಂದು ಮೊದಲು ಬರೆಯಿಸುತ್ತಿದ್ದುದರಿಂದಲೇ ಅಕ್ಷರಾಭ್ಯಾಸಕ್ಕೆ ಓನಾಮವೆಂಬ ಹೆಸರು ಬಂದು, ಇಂದಿಗೂ ಯಾವ ಕೆಲಸದ ಆರಂಭಕ್ಕಾದರೂ ನಾವು ಓನಾಮ ಹಾಕಿದೆವೆನ್ನುತ್ತೇವೆ. ಮರುದಿನದಿಂದ ಕೂಸು ಸಾಲೆಗೆ. ಸಾಲೆ ತೆರೆಯುವದು ಮುಂಜಾವಿನ ಆರು ಗಂಟೆಗೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಕೈಗೆ ಸೊನ್ನೆ; ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಬೆತ್ತದ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬರಬರುತ್ತ ಹೆಚ್ಚು. ಹನ್ನೆರಡನೆಯವನ ಗತಿಯನ್ನು ವಾಚಕರು ತಾವೇ ಎಣಿಸಿಕೊಳ್ಳಬಹುದು!

ಬರೆಯುವದಕ್ಕೆ ಮೊದಲು ನೆಲದ ಮೇಲಿನ ಮರಳು. ಬೆರಳಿನಿಂದ ಅಕ್ಷರವನ್ನು ತೀಡಿ ತೀಡಿ ಕೈಗೆ ಅದರ ತಿರುವು ಕೂತ ಮೇಲೆ ಹಲಗೆ, ಆಮೇಲೆ ಕಡತ. ಹಲಗೆಯೆಂದರೆ ಒಂದು ಅಡಿ ಅಗಲ, ಮೂರು ಅಡಿ ಉದ್ದದ ನುಣುಪಾದ ಮಣೆ. ಅದಕ್ಕೆ ಅನ್ನವನ್ನೂ ಇದ್ದಲಿಯ ಪುಡಿಯನ್ನೂ ಕೂಡಿಸಿ ಬಳಿಯುವರು. ಕಡತವೆಂದರೆ ಗಂಜಿಯಲ್ಲಿ ಅದ್ದಿ ಬಿರುಸು ಮಾಡಿದ ಅರಿವೆಯನ್ನು ಪುಸ್ತಕದಂತೆ ಮಡಿಕೆ ಮಡಿಸಿ, ಇದ್ದಲಿ ಅಂಟುಗಳ ಕಪ್ಪನ್ನು ಹಚ್ಚಿದ್ದು. ಬಳಪದಿಂದ ಬರೆದು, ಬೇಡವಾದಾಗ ಹಸಿ ಅರಿವೆಯಿಂದ ಒರೆಸಿದರಾಯಿತು. ಇವುಗಳಲ್ಲಿ ಒಂದಕ್ಕಾದರೂ ಊರ ಹೊರಗಿನಿಂದ ಏನನ್ನೂ ತರಬೇಕಿರಲಿಲ್ಲ. ಮುಂದೆ ಕಲ್ಲಿನ ಪಾಟಿ ಬಂದಿತು. ಕಡತವು ಸಾಲೆಯನ್ನು ಬಿಟ್ಟು ಅಂಗಡಿಯ ಲೆಕ್ಕವನ್ನು ಸೇರಿ, ಕೊನೆಗೆ ಸರಕಾರಿ ಕಾಗದಗಳ ಕಟ್ಟಿಗೆ ತನ್ನ ಹೆಸರನ್ನು ಕೊಟ್ಟಿತು.

ಈ ಪಡಸಾಲೆಯಲ್ಲಿ ಗುರುವು ಎಲ್ಲ ಮಕ್ಕಳಿಗೂ ತಾನೇ ಪಾಠ ಹೇಳುತ್ತಿರಲಿಲ್ಲ. ಮಕ್ಕಳನ್ನು ಅವರವರ ತಿಳಿವಿನಂತೆ ಗುಂಪು ಮಾಡಿ, ಮುಂದಿನ ಗುಂಪಿನ ಹುಡುಗರಿಂದ ಹಿಂದಿನವರಿಗೆ ಹೇಳಿಸುತ್ತಿದ್ದನು. ಈ ಪದ್ಧತಿಯು ಮೆಚ್ಚತಕ್ಕದ್ದೆಂದೂ ಇಂಗ್ಲಂಡದವರು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದೂ ಕ್ಯಾಂಬೆಲ್ಲನು ಒಪ್ಪಿದ್ದಾನೆ. ಅನುಕರಿಸಿದ ಕಥೆಯು ಹೀಗಿದೆ. ಮದ್ರಾಸದಲ್ಲಿ ಸೈನಿಕರ ಅನಾಥ ಮಕ್ಕಳ ಸಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀಯ ಮಕ್ಕಳು ಮರಳಿನಲ್ಲಿ ಬರೆಯುವದನ್ನು ಕಂಡು ಅದನ್ನು ತನ್ನಲ್ಲಿಯೂ ತಂದನು. ದೊಡ್ಡ ಹುಡುಗರಿಂದ ಸಣ್ಣವರಿಗೆ ಪಾಠ ಹೇಳಿಸಿದನು. ೧೭೯೭ರಲ್ಲಿ ಲಂಡನ್ನಿನಲ್ಲಿ ಆ ವಿಷಯವಾಗಿ ಪುಸ್ತಕವನ್ನು ಅಚ್ಚು ಹಾಕಿಸಿದನು. ಅಲ್ಲಿಯ ಬಡಮಕ್ಕಳ ಸಾಲೆಗಳಲ್ಲಿ ಅದು ಮದ್ರಾಸ ಪದ್ಧತಿಯೆಂದು ಹಬ್ಬಿತು. ನಮ್ಮ ಪಡಸಾಲೆಯ ಪಾಠಕ್ರಮವು ಸಮುದ್ರವನ್ನು ದಾಟಿ ಹೋಗಿ ಹೆಸರು ಪಡೆಯಿತು. ಇಲ್ಲಿ ಅದಕ್ಕೆ ಹೆಸರೇ ಇರಲಿಲ್ಲ.

ಹಾಗೆಂದು ಹಳೆಯದೆಲ್ಲವನ್ನೂ ಹೊನ್ನೆಂದು ಹೊಗಳುವದು ಇತಿಹಾಸವಾಗಲಾರದು. ಕ್ಯಾಂಬೆಲ್ಲನು ಎತ್ತಿ ತೋರಿಸಿದ ದೋಷಗಳು ಸುಳ್ಳಲ್ಲ. ಮಕ್ಕಳು ಓದುತ್ತಿದ್ದ ಗ್ರಂಥಗಳಲ್ಲಿ ಗಿರಿಜಾಕಲ್ಯಾಣ, ಅನುಭವಾಮೃತ, ಚನ್ನಬಸವೇಶ್ವರ ಪುರಾಣಗಳ ಹೆಸರುಗಳು ಬರುವವು. ನಮಗೆ ಅಭಿಮಾನವೆನಿಸುವದು ಸಹಜ. ಆದರೆ ಆ ಕಾವ್ಯಗಳ ನುಡಿಯು ಮನೆಯ ಮಾತಿಗಿಂತ ಬಹಳ ಬೇರೆಯಾಗಿದ್ದುದರಿಂದ ಮಕ್ಕಳು ಅವುಗಳನ್ನು ಗಿಳಿಯಂತೆ ಒಪ್ಪಿಸುತ್ತಿದ್ದರು. ಅರ್ಥವನ್ನು ಹೇಳುವವರಿರಲಿಲ್ಲ, ಎಷ್ಟೋ ಕಡೆಗೆ ಹೇಳಬೇಕಾದ ಗುರುವಿಗೂ ತಿಳಿದಿರಲಿಲ್ಲ. ಶಿಕ್ಷೆಗಳಂತೂ ಘೋರ. ಕಲಿಯದ ಹುಡುಗನ ಎರಡೂ ಕೈಗಳನ್ನು ಕಟ್ಟಿ ಜಂತಿಗೆ ತೂಗಬಿಡುವ ಕೋದಂಡವನ್ನೂ, ಎದ್ದು ಕೂತು ಎದ್ದು ಕೂತು ದಣಿಯುವ ಬಸ್ಕಿಯನ್ನೂ ಅವನು ಬರೆದಿದ್ದಾನೆ. ಇನ್ನು ೬,೬೪೧ ಮಕ್ಕಳಲ್ಲಿ ಹೆಣ್ಣುಮಕ್ಕಳು ೬೦. ಅಕ್ಕಮಹಾದೇವಿಯ ವಚನಗಳನ್ನು ತಲೆಯ ಮೇಲೆ ಹೊತ್ತ ನಾಡಿನಲ್ಲಿ ಅರವತ್ತು!

ಇತ್ತ ಧಾರವಾಡದಲ್ಲಿ ಪೇಶವೆಯ ಆಳಿಕೆಯು ೧೮೧೮ರಲ್ಲಿ ಮುಗಿದು ಕಂಪನಿ ಸರಕಾರವು ಬಂದಿತು. ಸರಕಾರ ಬದಲಾದರೂ ಕಚೇರಿಯ ಮಾತು ಮರಾಠಿಯಾಗಿಯೇ ಉಳಿದದ್ದರಿಂದ ಸಾಲೆಯಲ್ಲಿಯೂ ಮರಾಠಿಯೇ ಮುಂದಾಯಿತು. ಮನೆಯಲ್ಲಿ ಅವ್ವ ಅಪ್ಪ ಎನ್ನುವ ಕೂಸು ಸಾಲೆಯಲ್ಲಿ ಬೇರೆ ಮಾತಿನಲ್ಲಿ ಲೆಕ್ಕ ಹೇಳಬೇಕಾಗುತ್ತಿದ್ದಿತು. ೧೮೨೪ರಲ್ಲಿ ಕಿತ್ತೂರ ರಾಣಿಯ ಸೈನಿಕರಿಗೆ ಸೆರೆಸಿಕ್ಕು ಬದುಕಿ ಬಂದ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಯು ತನ್ನ ಕೈಯಿಂದ ಹಣ ಹಾಕಿ ಧಾರವಾಡದಲ್ಲಿ ಕನ್ನಡ ಸಾಲೆಯನ್ನು ನಡೆಸಿದನು. ಮುಂದೆ ಶಿಕ್ಷಣಾಧಿಕಾರಿ ರಸೆಲ್ ಸಾಹೇಬನೂ ಧಾರವಾಡದವರೇ ಆದ ಡೆಪ್ಯುಟಿ ಚನ್ನಬಸಪ್ಪನವರೂ (೧೮೩೩–೧೮೮೧) ಈ ಕೆಲಸವನ್ನು ಮನಃಪೂರ್ವಕವಾಗಿ ಕೈಗೊಂಡರು. ಚನ್ನಬಸಪ್ಪನವರು ಊರೂರು ತಿರುಗಿ ಮರಾಠಿ ಸಾಲೆಗಳನ್ನು ಕನ್ನಡ ಸಾಲೆಗಳನ್ನಾಗಿ ಮಾಡಿಸಿದರು, ಮಾಸ್ತರರಿಗೆ ಕನ್ನಡದಲ್ಲಿಯೇ ಪಾಠ ಹೇಳುವ ಧೈರ್ಯವನ್ನು ತುಂಬಿದರು. ಡೆಪ್ಯುಟಿಯೆಂಬುದು ಅವರ ಹುದ್ದೆ. ಜನರು ಅದನ್ನು ಅವರ ಹೆಸರಿನ ಭಾಗವನ್ನಾಗಿಯೇ ಮಾಡಿಬಿಟ್ಟರು.

ಈ ಕನ್ನಡ ಸಾಲೆಯ ದಿನಚರಿಯು ನಮ್ಮ ಹಿರಿಯರಿಗೆ ನೆನಪಿರುವಂಥದು. ಮೊದಲ ಮೆಟ್ಟಿಲು ಬಿನ್‌ಇಯತ್ತೆ, ಜನರ ಬಾಯಲ್ಲಿ ಬಿನ್ನೆತ್ತೆ; ಆಮೇಲೆ ಒಂದನೆಯ ಇಯತ್ತೆ, ಎರಡನೆಯ ಇಯತ್ತೆ ಎಂದು ಏರುತ್ತ ಮುಲ್ಕಿ ಪರೀಕ್ಷೆಯವರೆಗೆ. ಪಾಟಿ, ಬಳಪ, ದೌತಿ, ಟಾಕು. ಕಿತ್ತಾ ತಿದ್ದುವದು, ಉಕ್ತಲೇಖನ, ಬಾಯಿಲೆಕ್ಕ. ಸಂಜೆಗೆ ಇಡೀ ಸಾಲೆಯು ಎದ್ದು ನಿಂತು ಮಗ್ಗಿಯನ್ನೂ ಪಾವಕಿಯನ್ನೂ ಕೂಗುವಾಗ ಹೊಲದಿಂದ ಬರುತ್ತಿದ್ದ ಎತ್ತುಗಳೂ ಕಿವಿ ನಿಗುರಿಸುತ್ತಿದ್ದವು. ಕಾಲು, ಅರ್ಧ, ಮುಕ್ಕಾಲುಗಳ ಈ ಬಾಯಿಪಾಠವು ವ್ಯರ್ಥವೆಂದು ಹಳಿಯುವವರುಂಟು. ಆದರೆ ಪೇಟೆಯಲ್ಲಿ ಹತ್ತಿ ಮಾರಹೋದ ಒಕ್ಕಲಿಗನಿಗೆ ದಲಾಲಿಯ ಲೆಕ್ಕದಲ್ಲಿಯ ಮೋಸವನ್ನು ಹಿಡಿಯುವ ಶಕ್ತಿಯನ್ನು ಕೊಟ್ಟದ್ದು ಪಾವಕಿಯೇ.

ಇಲ್ಲಿಯವರೆಗೆ ಒಳಗೆ ಕೂತವರ ಮಾತಾಯಿತು. ಬಾಗಿಲ ಹೊರಗೆ ನಿಂತವನೊಬ್ಬನಿದ್ದಾನೆ. ೧೮೫೬ರ ಜೂನದಲ್ಲಿ ಧಾರವಾಡದ ಸರಕಾರಿ ಸಾಲೆಗೆ ಮಹಾರ ಜಾತಿಯ ಹುಡುಗನೊಬ್ಬನು ಸೇರಬಂದನು. ಅವನನ್ನು ತೆಗೆದುಕೊಳ್ಳಲಿಲ್ಲ. ಹುಡುಗನು ಸುಮ್ಮನೆ ಹಿಂದಿರುಗಲಿಲ್ಲ. ಮುಂಬಯಿ ಸರಕಾರಕ್ಕೆ ಅರ್ಜಿಯನ್ನು ಬರೆದುಕೊಂಡನು. ನ್ಯಾಯವು ಅವನ ಕಡೆಗಿದೆ, ಆದರೆ ಒಬ್ಬನ ಸಲುವಾಗಿ ಉಳಿದವರೆಲ್ಲರೂ ಸಾಲೆಯನ್ನು ಬಿಡುವಂತಾಗಬಾರದು ಎಂಬ ಅರ್ಥದ ಉತ್ತರವನ್ನು ಸರಕಾರವು ಕೊಟ್ಟಿತು. ಕಾಗದವು ಕಲಕತ್ತೆಗೆ ಹೋಯಿತು. ಬಂಗಾಲದಲ್ಲಾಗಿದ್ದರೆ ಹುಡುಗನನ್ನು ಹೀಗೆ ನಿರಾಕರಿಸುತ್ತಿರಲಿಲ್ಲವೆಂದು ಭಾರತ ಸರಕಾರವು ೧೮೫೭ರ ಜನವರಿಯಲ್ಲಿ ತಿಳಿಸಿತು. ಲಂಡನ್ನಿಗೆ ಹೋಯಿತು, ಸರಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂದು ಕಂಪನಿಯ ಡೈರೆಕ್ಟರರು ೧೮೫೮ರಲ್ಲಿ ಬರೆದರು. ೧೯೨೮ರಲ್ಲಿ ಡಾ. ಅಂಬೇಡಕರರು ಸೈಮನ್ ಕಮಿಶನ್ನಿನ ಮುಂದೆ ಈ ಪ್ರಕರಣವನ್ನು ಎತ್ತಿದರು. ಮೂರು ರಾಜಧಾನಿಗಳ ಅಧಿಕಾರಿಗಳು ಕಾಗದ ಬರೆಯುವಂತೆ ಮಾಡಿದ ಆ ಹುಡುಗನು ಕೊನೆಗೆ ಓದಿದನೆ? ಆಜ್ಞೆಗಳು ಬಂದ ಮೇಲೆಯೂ ಅನೇಕ ದಶಕಗಳವರೆಗೆ ಅಂಥ ಮಕ್ಕಳು ಸಾಲೆಯ ಕಟ್ಟೆಯ ಮೇಲೆ ಹೊರಗೆ ಕುಳಿತು ಒಳಗಿನ ಪಾಠವನ್ನು ಕೇಳಿಸಿಕೊಂಡರೆಂಬುದು ಮಾತ್ರ ನಿಶ್ಚಿತ.

ಸರಕಾರದ ಸಾಲೆಯನ್ನು ಬೈದು ನಾವು ಪಾರಾಗುವ ಹಾಗಿಲ್ಲ. ನಮ್ಮ ಸಾಲಿಮಠಗಳ ಪಡಸಾಲೆಯಲ್ಲಿ ಆ ಹುಡುಗನಿಗೆ ಚಾಪೆ ಸಿಗುತ್ತಿದ್ದಿತೆಂದು ಎದೆ ತಟ್ಟಿ ಹೇಳುವ ಧೈರ್ಯವು ನನಗಿಲ್ಲ. ಮಾದಾರ ಚನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಶರಣರೆಂದು ನಮಿಸುವ ಸಮಾಜವು ಅವರ ಕೇರಿಯ ಕೂಸಿಗೆ ಬಳಪವನ್ನು ಕೊಡಲು ಏಳು ಶತಮಾನ ಕಾಯಿತು. ಒಂದು ಅಪವಾದವನ್ನು ನೆನೆಯಬಹುದು. ಕುಂದಗೋಳ ತಾಲೂಕಿನ ಕಳಸದ ಗುರು ಗೋವಿಂದಭಟ್ಟರು ಶಿಶುನಾಳದ ಮುಸಲ್ಮಾನ ಹುಡುಗ ಶರೀಫನನ್ನು (೧೮೧೯–೧೮೮೯) ಶಿಷ್ಯನನ್ನಾಗಿ ಅಂಗೀಕರಿಸಿ ಜನರ ಬೈಗುಳನ್ನು ನುಂಗಿಕೊಂಡರು. ಆ ಶರೀಫರು ಕೆಲವು ಕಾಲ ಕನ್ನಡ ಸಾಲೆಯ ಮಾಸ್ತರರೂ ಆಗಿದ್ದರು.

ಸಮಾಜವು ಎಚ್ಚತ್ತ ಮೇಲೆ ಕೆಲಸವು ವೇಗವಾಗಿ ನಡೆಯಿತೆಂಬುದನ್ನು ಭಕ್ತಾದಿಗಳು ಬಲ್ಲರು. ೧೮೮೩ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳ ಸಹಾಯಕ್ಕಾಗಿ ನಿಧಿಯು ಕೂಡಿತು. ೧೯೦೪ರಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನವು ಅಲ್ಲಿಯೇ ಸೇರಿತು. ೧೯೦೯ರಲ್ಲಿ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಶಿವಯೋಗಮಂದಿರವನ್ನು ಸ್ಥಾಪಿಸಿದರು. ಪೂಜ್ಯರು ಪೂರ್ವಾಶ್ರಮದಲ್ಲಿ ತಾವೇ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದವರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು ನಡೆಸಿದ ಪ್ರಸಾದನಿಲಯದಿಂದ ಎಷ್ಟು ಹಳ್ಳಿಯ ಹುಡುಗರು ಓದಿ ಮುಂದೆ ಬಂದರೆಂಬುದನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ೧೯೨೩ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯದೆಯಿಂದ ಹಳ್ಳಿಯ ಸಾಲೆಗಳು ಲೋಕಲ ಬೋರ್ಡುಗಳ ಕೈಗೆ ಬಂದವು. ಕುಂದಗೋಳ ಮಾತ್ರ ೧೯೪೮ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದುದರಿಂದ ಅಲ್ಲಿಯ ಮಕ್ಕಳು ಬೇರೊಂದು ದರಬಾರದ ಸಾಲೆಯಲ್ಲಿ ಕಲಿತರು. ಹುಬ್ಬಳ್ಳಿಯ ರೇಲ್ವೆ ಹತ್ತಿರ, ಅರಸನು ದೂರ.

ಈಗ ಸಾಲೆಯ ಹೊರಗಿನ ಪಾಠದ ಮಾತು. ೧೯ನೆಯ ಶತಮಾನದ ಕೊನೆಗೆ ಪಾಠಕ್ರಮದಲ್ಲಿ ವಸ್ತುಪಾಠವು ಬಂದಿತು. ಮಾಸ್ತರರು ಹತ್ತಿಯ ಕಾಯಿ, ಜೋಳದ ತೆನೆ, ಎರೆಮಣ್ಣಿನ ಹೆಂಟೆ ಇವುಗಳನ್ನು ಮೇಜಿನ ಮೇಲಿಟ್ಟು ಪಾಠ ಹೇಳಬೇಕು. ಹೊಲದಲ್ಲಿಯೇ ಬೆಳೆದ ಹುಡುಗನಿಗೆ ಮೇಜಿನ ಮೇಲಿನ ತೆನೆಯನ್ನು ತೋರಿಸುವದು ನಗೆಯ ಸಂಗತಿಯೇ ಸರಿ. ಜಾಣ ಮಾಸ್ತರರು ಮೇಜನ್ನು ಬಿಟ್ಟು ಮಕ್ಕಳನ್ನೇ ಹೊಲಕ್ಕೆ ಕರೆದೊಯ್ದರು. ಸೀತನಿಯ ಕಾಲದಲ್ಲಿ ಇಂಥ ಪಾಠಕ್ಕೆ ಗೈರುಹಾಜರಿಯೇ ಇರುತ್ತಿರಲಿಲ್ಲ. ಹಸಿ ಜೋಳವನ್ನು ಬಿಸಿಬೂದಿಯಲ್ಲಿ ಸುಟ್ಟು, ಉಜ್ಜಿ, ಬೆಲ್ಲದೊಡನೆ ತಿನ್ನುವಾಗ ನಿಸರ್ಗಪಾಠವು ತಾನಾಗಿಯೇ ಒಳಗೆ ಇಳಿಯುತ್ತಿದ್ದಿತು. ೧೯೩೭ರಲ್ಲಿ ವರ್ಧಾದಲ್ಲಿ ಗಾಂಧೀಜಿಯವರು ಮೂಲೋದ್ಯೋಗ ಶಿಕ್ಷಣದ ವಿಚಾರವನ್ನು ಮುಂದಿಟ್ಟ ಮೇಲೆ ಆಯ್ದ ಸಾಲೆಗಳಲ್ಲಿ ಮಕ್ಕಳ ಕೈಗೆ ತಕಲಿ ಬಂದಿತು. ಹತ್ತಿಯ ನಾಡಾದ ನಮಗೆ ಅದು ಹೊಸದಾಗಿ ಕಾಣಲಿಲ್ಲ. ಕಾಯಕದಿಂದ ಕಲಿಯುವ ಮಾತನ್ನು ಶರಣರ ಬಾಯಿಂದ ಕೇಳಿದವರಿಗೆ ಇನ್ನಷ್ಟು ಹಳೆಯದೆನಿಸಿತು.

ಹೊರಸಂಚಾರದ ಶಕ್ತಿಗೆ ಧಾರವಾಡದ ಆಲೂರ ವೆಂಕಟರಾಯರೇ ಸಾಕ್ಷಿ. ೧೯೦೫ರಲ್ಲಿ ಅವರು ಹಂಪೆ ಆನೆಗೊಂದಿಗಳ ಹಾಳು ಗುಡಿಗಳ ನಡುವೆ ಓಡಾಡಿ ಬಂದರು. ಆ ದರ್ಶನದಿಂದ ಅವರ ಬಾಳೇ ತಿರುಗಿ, ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವು ಹೊರಬಂದಿತು. ಅಷ್ಟು ದೂರ ಹೋಗಲು ನಮ್ಮ ಹಳ್ಳಿಯ ಸಾಲೆಗಳಿಗೆ ಹಣವಿರಲಿಲ್ಲ. ಹೋಗುವ ಅವಶ್ಯಕತೆಯೂ ಅಷ್ಟಿಲ್ಲವೆಂದು ನನಗೆ ತೋರುತ್ತದೆ. ಕುಂದಗೋಳದ ಮಕ್ಕಳಿಗೆ ಶಂಭುಲಿಂಗನ ಗುಡಿಯಿದೆ, ಸವಾಯಿ ಗಂಧರ್ವರು ಹಾಡಿದ, ಭೀಮಸೇನ ಜೋಶಿಯವರು ಅವರಲ್ಲಿ ಕಲಿತ ಊರಿನ ಓಣಿಗಳಿವೆ. ಬೆಣ್ಣಿಹಳ್ಳದ ದಂಡೆಗುಂಟ ನಾಲ್ಕು ಹೆಜ್ಜೆ ನಡೆದು, ಈ ನೀರು ನವಲಗುಂದ ತಾಲೂಕನ್ನು ಹಾಯ್ದು ಮಲಪ್ರಭೆಯನ್ನು ಕೂಡುವದೆಂದು ಹೇಳಿದರೆ ಭೂಗೋಲದ ಅರ್ಧವು ಮುಗಿಯಿತು. ಕಲಘಟಗಿಯಲ್ಲಿ ಚಿತ್ರಗಾರರು ಕಟ್ಟಿಗೆಯ ತೊಟ್ಟಿಲಿಗೆ ಅರಗಿನ ಬಣ್ಣವನ್ನು ಹಚ್ಚುತ್ತ ಪುರಾಣದ ಕಥೆಗಳನ್ನು ಬರೆಯುತ್ತಾರೆ. ತಾನು ಮಲಗಿದ ತೊಟ್ಟಿಲು ಹೇಗಾಯಿತೆಂಬ ಪಾಠಕ್ಕೆ ಮಗು ಎಂದೂ ಆಕಳಿಸದು.

ನವಲಗುಂದದ ಜಮಖಾನದ ಮಗ್ಗದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಅಲ್ಲಿ ನೇಯುವವರು ಹೆಣ್ಣುಮಕ್ಕಳು. ನೆಟ್ಟಗೆ ನಿಂತ ಮಗ್ಗದ ಮೇಲೆ ನವಿಲನ್ನೂ ಪಗಡೆಯ ಹಾಸನ್ನೂ ಅವರು ಎಳೆ ಎಣಿಸಿ ಮೂಡಿಸುತ್ತಾರೆ. ಲೆಕ್ಕದಲ್ಲಿ ಒಂದು ಎಳೆ ತಪ್ಪಿದರೆ ನವಿಲಿನ ಕೊರಳು ಸೊಟ್ಟ. ಮುಲ್ಕಿಯನ್ನಾಗಲಿ ಪಾವಕಿಯನ್ನಾಗಲಿ ಕಾಣದ ತಾಯಂದಿರು ಸೊಸೆಯಂದಿರಿಗೆ ಕಲಿಸಿಕೊಡುತ್ತ ಬಂದ ಗಣಿತವಿದು. ಕ್ಯಾಂಬೆಲ್ಲನ ಪಟ್ಟಿಯಲ್ಲಿ ಸೇರದೆ ಹೋದ ಸಾವಿರಾರು ಹೆಣ್ಣುಮಕ್ಕಳ ಕೈಯಲ್ಲಿ ಇಂಥ ಎಷ್ಟು ವಿದ್ಯೆಗಳಿದ್ದವೋ!

ಕನ್ನಡ ಸಾಲೆಯ ಒಳಗೂ ಇಂದು ಹಳೆಯ ಪಡಸಾಲೆಯ ಕೆಲವು ಗುರುತುಗಳು ಮರಳಿ ಕಾಣುತ್ತವೆ. ೧೯೯೫ರಲ್ಲಿ ಮೈಸೂರ ಜಿಲ್ಹೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ೨೦೦೯ರಲ್ಲಿ ರಾಜ್ಯದ ಸರಕಾರಿ ಸಾಲೆಗಳಿಗೆಲ್ಲ ಬಂದ ನಲಿ-ಕಲಿ ಪ್ರಕಾರ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕುಳಿತು, ಚಿತ್ರದ ಕಾರ್ಡುಗಳನ್ನು ಹಿಡಿದು, ಬಲ್ಲವನು ಬಲ್ಲದವನಿಗೆ ಹೇಳಿಕೊಡುತ್ತ ಕಲಿಯುತ್ತಾರೆ. ಕೋದಂಡವೂ ಬೆತ್ತವೂ ಇಲ್ಲ. ೨೦೦೯ರ ಶಿಕ್ಷಣ ಹಕ್ಕಿನ ಕಾಯದೆಯು ಹೊಡೆತವನ್ನು ನಿಷೇಧಿಸಿದೆ. ಮೊದಲು ಬಂದವನ ಅಂಗೈಯ ಸರಸ್ವತಿಯೂ ಇಲ್ಲವೆಂಬುದಕ್ಕೆ ಮಾತ್ರ ನನಗೆ ತುಸು ವ್ಯಸನವಿದೆ.

ಮಧ್ಯಾಹ್ನಕ್ಕೆ ಗಂಟೆಯಾದರೆ ಮಕ್ಕಳು ತಾಟು ಹಿಡಿದು ಸಾಲಾಗಿ ಕುಳಿತುಕೊಳ್ಳುತ್ತಾರೆ. ೨೦೦೨ರಲ್ಲಿ ಈಶಾನ್ಯ ಜಿಲ್ಹೆಗಳಲ್ಲಿ ಆರಂಭವಾಗಿ ಮರುವರ್ಷ ನಮ್ಮ ಕಡೆಗೂ ಬಂದ ಈ ಊಟಕ್ಕೆ ಸರಕಾರವು ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಹೆಸರು ಮಠದ್ದು, ಅನ್ನ ಸರಕಾರದ್ದು. ೧೮೫೬ರಲ್ಲಿ ಧಾರವಾಡದ ಬಾಗಿಲಲ್ಲಿ ನಿಂತ ಹುಡುಗನ ಕೇರಿಯ ಮಕ್ಕಳು ಆ ಪಂಕ್ತಿಯಲ್ಲಿದ್ದಾರೆ. ಬಡಿಸುವವರ ಜಾತಿಯನ್ನು ಕೇಳಿ ಮಕ್ಕಳನ್ನು ಊಟದಿಂದ ಎಬ್ಬಿಸಿಕೊಂಡು ಹೋದ ತಂದೆತಾಯಿಗಳ ಸುದ್ದಿಯು ನಾಡಿನ ಒಂದಿಲ್ಲೊಂದು ಮೂಲೆಯಿಂದ ಈಗಲೂ ಆಗಾಗ ಬರುತ್ತದೆ. ಮಕ್ಕಳು ತಾವಾಗಿ ಎದ್ದು ಹೋದರೆಂಬ ಸುದ್ದಿಯನ್ನು ನಾನು ಕೇಳಿಲ್ಲ.

ಊಟವಾದ ಮೇಲೆ ಅಣ್ಣಿಗೇರಿಯ ಮಾಸ್ತರರೊಬ್ಬರು ಮಕ್ಕಳನ್ನು ಅಮೃತೇಶ್ವರನ ಗುಡಿಗೆ ಕರೆದೊಯ್ಯಬಹುದು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ಅಜ್ಜನು ಈ ಊರಿನವನು. ಹನ್ನೊಂದನೆಯ ಶತಮಾನದ ಆ ಕರಿಗಲ್ಲಿನ ಗುಡಿಯಲ್ಲಿ ಎಪ್ಪತ್ತಾರು ಕಂಬಗಳು. ಎಣಿಸಲು ಹೇಳಿದರೆ ಒಬ್ಬನಿಗೆ ಎಪ್ಪತ್ತನಾಲ್ಕು ಬರುತ್ತದೆ, ಇನ್ನೊಬ್ಬಳಿಗೆ ಎಂಬತ್ತು; ಗದ್ದಲವಾಗಿ ಮತ್ತೆ ಎಣಿಕೆ. ಅಷ್ಟರಲ್ಲಿ ಯಾರೋ ಒಬ್ಬಳು ಶಾಸನದ ಕಲ್ಲಿನ ಮುಂದೆ ಕೂತು, ತನ್ನ ಪುಸ್ತಕದ ಅಕ್ಷರವನ್ನೇ ಹೋಲುವ ಒಂದು ಅಕ್ಷರವನ್ನು ಕಂಡುಹಿಡಿದು, ಅದರ ತಗ್ಗಿನಲ್ಲಿ ಬೆರಳಿಟ್ಟು ತೀಡತೊಡಗುತ್ತಾಳೆ.